ಜಮೈಕಾದ ವೇಲರ್ಸ್ ಬಳಗ

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕ್ರಿಕೆಟ್ಟು. ಆದರೆ ಅಲ್ಲಿಯ ಜಮೈಕಾ ದ್ವೀಪವು ಹೋಲ್ಡಿಂಗನಂಥ ವೇಗದ ಬೌಲರುಗಳನ್ನಷ್ಟೇ ಅಲ್ಲ, ರೆಗ್ಗೆ ಎಂಬ ಹಾಡಿನ ಬಗೆಯೊಂದನ್ನೂ ಜಗತ್ತಿಗೆ ಕೊಟ್ಟಿದೆ. ಮುಂಬಯಿ, ಪುಣೆಗಳಲ್ಲಿ ಬೆಳೆದ ನಮ್ಮ ತರುಣರು ಜಡೆಗಟ್ಟಿದ ಕೂದಲಿನ ಬಾಬ್ ಮಾರ್ಲಿಯ ಚಿತ್ರವುಳ್ಳ ಅಂಗಿಯನ್ನು ತೊಟ್ಟು ತಿರುಗುವುದುಂಟು. ಹಿರಿಯರು ಅದನ್ನು ನೋಡಿ ಮೂಗು ಮುರಿಯುವುದೂ ಉಂಟು. ಆತ ಹಾಡಿದ್ದೇನು, ಏಕೆ ಹಾಡಿದ ಎಂಬುದು ಇಬ್ಬರಿಗೂ ಅಷ್ಟಾಗಿ ತಿಳಿದಂತಿಲ್ಲ.

ಜಮೈಕಾ ಸ್ವತಂತ್ರವಾದುದು ೧೯೬೨ರಲ್ಲಿ. ಮರುವರ್ಷವೇ ರಾಜಧಾನಿ ಕಿಂಗ್‌ಸ್ಟನ್ನಿನ ಟ್ರೆಂಚ್‌ಟೌನ್ ಎಂಬ ಬಡ ಕೇರಿಯಲ್ಲಿ ಬಾಬ್ ಮಾರ್ಲಿ, ಪೀಟರ್ ಟಾಷ್, ಬನ್ನಿ ವೇಲರ್ ಮುಂತಾದ ಹುಡುಗರು ಬಳಗ ಕಟ್ಟಿದರು. ವೇಲರ್ಸ್ ಎಂದರೆ ಗೋಳಿಡುವವರು. ಅವರಿಗೆ ಹೆಸರು ತಂದ ಮೊದಲ ಹಾಡು ‘ಸಿಮರ್ ಡೌನ್’; ಬೀದಿಯಲ್ಲಿ ಹೊಡೆದಾಡುವ ತಮ್ಮದೇ ಕೇರಿಯ ಹುಡುಗರಿಗೆ, ಸ್ವಲ್ಪ ತಣ್ಣಗಾಗಿರಯ್ಯಾ ಎಂದು ಹೇಳಿದ ಬುದ್ಧಿ ಅದು. ಊರವರನ್ನು ತಿದ್ದುವ ಕೆಲಸ ಮನೆಯ ಜಗುಲಿಯಿಂದಲೇ ಮೊದಲಾಯಿತೆನ್ನಬೇಕು.

ದ್ವೀಪದ ಹಳೆಯ ಮೆಂಟೊ ಹಾಡು, ಅಮೆರಿಕದ ರೇಡಿಯೋದಿಂದ ತೇಲಿಬಂದ ಗೀತೆ, ರಾಸ್ತಫಾರಿ ಪಂಥದವರ ನಗಾರಿ ಇವೆಲ್ಲ ಕಲೆತು, ಸ್ಕಾ, ರಾಕ್‌ಸ್ಟೆಡಿ ಎಂಬ ಮಜಲುಗಳನ್ನು ದಾಟಿ, ಅರವತ್ತರ ದಶಕದ ಕೊನೆಗೆ ರೆಗ್ಗೆ ಮೈದಾಳಿತು. ಅದರ ನಡೆಯೇ ಬೇರೆ. ನಾಲ್ಕು ಎಣಿಕೆಯಲ್ಲಿ ಮೊದಲನೆಯದನ್ನು ಖಾಲಿ ಬಿಟ್ಟು ಮೂರನೆಯದರ ಮೇಲೆ ಪೆಟ್ಟು. ಗಿಟಾರಿನ ಮಿಡಿತ ಎಣಿಕೆಗಳ ನಡುವೆ. ನಮ್ಮ ಸಂಗೀತದಲ್ಲಿ ಸಮವನ್ನು ಬಿಟ್ಟು ಅನಾಗತದಲ್ಲಿ ಎತ್ತಿಕೊಳ್ಳುವ ಕೃತಿಗಳನ್ನು ಕೇಳಿ ಪಳಗಿದವರಿಗೆ ಇದರ ಸೊಗಸು ಬೇಗ ಹಿಡಿಸೀತು. ವೇಲರ್ಸ್ ಬಳಗದಲ್ಲಿ ಡ್ರಮ್ ಬಾರಿಸುತ್ತಿದ್ದ ಕಾರ್ಲ್‌ಟನ್ ಬ್ಯಾರೆಟ್ ಈ ಪೆಟ್ಟಿನಲ್ಲಿ ಪ್ರವೀಣ. (೧೮೪೫ರಿಂದ ಕಬ್ಬಿನ ತೋಟದ ಕೂಲಿಗೆಂದು ಹೋದ ಭಾರತೀಯರು ಜಮೈಕಾಕ್ಕೆ ಒಂದು ಶಬ್ದವನ್ನೂ ಕೊಟ್ಟಿದ್ದಾರೆ. ರಾಸ್ತಫಾರಿಗಳು ಪವಿತ್ರವೆಂದು ಸೇದುವ ಸೊಪ್ಪಿಗೆ ಅಲ್ಲಿ ಗಾಂಜಾ ಎಂದೇ ಹೆಸರು! ಹೆಮ್ಮೆಪಡಬೇಕೋ ಬೇಡವೋ, ವಾಚಕರೇ ಹೇಳಲಿ.)

ಎಪ್ಪತ್ತರ ದಶಕದಲ್ಲಿ ಜಮೈಕಾದ ರಾಜಕೀಯ ಎರಡು ಪಕ್ಷಗಳ ಜಗಳವಾಗಿತ್ತು. ಒಂದಕ್ಕೆ ಮೈಕೆಲ್ ಮ್ಯಾನ್ಲಿ, ಇನ್ನೊಂದಕ್ಕೆ ಎಡ್ವರ್ಡ್ ಸಿಯಾಗಾ ಮುಖಂಡರು. ಪ್ರತಿ ಕೇರಿಗೂ ಒಂದು ಪಕ್ಷ, ಪಕ್ಷಕ್ಕೊಂದು ಬಂದೂಕಿನ ಪಡೆ. ೧೯೭೬ರ ಡಿಸೆಂಬರ್ ೩ರಂದು ಬಂದೂಕಿನವರು ಮಾರ್ಲಿಯ ಮನೆಗೇ ನುಗ್ಗಿ ಗುಂಡು ಹಾರಿಸಿದರು. ಆತನಿಗೂ ಹೆಂಡತಿ ರೀಟಾಳಿಗೂ ಪೆಟ್ಟಾಯಿತು. ಎರಡೇ ದಿನಗಳ ತರುವಾಯ, ಗಾಯ ಮಾಯುವ ಮುನ್ನ, ಮೊದಲೇ ಒಪ್ಪಿಕೊಂಡಿದ್ದ ಕಚೇರಿಯಲ್ಲಿ ಆತ ಹಾಡಿದ. ಆಮೇಲೆ ದೇಶ ಬಿಟ್ಟು ಇಂಗ್ಲೆಂಡಿಗೆ ಹೋದ.

ಹಿಂದಿರುಗಿದ್ದು ೧೯೭೮ರಲ್ಲಿ. ಆ ವರ್ಷದ ಏಪ್ರಿಲ್ ೨೨ರಂದು ಕಿಂಗ್‌ಸ್ಟನ್ನಿನಲ್ಲಿ ಶಾಂತಿಗಾಗಿ ನಡೆದ ಹಾಡುಗಳ ಮೇಳದಲ್ಲಿ ಮಾರ್ಲಿ ಇಬ್ಬರು ಮುಖಂಡರನ್ನೂ ವೇದಿಕೆಗೆ ಕರೆದು, ಅವರ ಕೈಗಳನ್ನು ತನ್ನ ತಲೆಯ ಮೇಲೆ ಜೋಡಿಸಿ ಎತ್ತಿಹಿಡಿದ. ಆ ಚಿತ್ರ ಲೋಕಪ್ರಸಿದ್ಧವಾಯಿತು. ಅದೇ ಮೇಳದಲ್ಲಿ ಪೀಟರ್ ಟಾಷ್ ಕೂಡ ಹಾಡಿದ್ದನ್ನು ನೆನೆಯುವವರು ಕಡಿಮೆ. ಆತ ಬಳಗವನ್ನು ಬಿಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು. ಹಾಡಿನ ನಡುವೆ ನಿಂತು, ಎದುರಿಗಿದ್ದ ಇಬ್ಬರು ಮುಖಂಡರನ್ನೂ ಬಡವರ ಪಾಡಿಗಾಗಿ, ಪೊಲೀಸರ ದೌರ್ಜನ್ಯಕ್ಕಾಗಿ ತರಾಟೆಗೆ ತೆಗೆದುಕೊಂಡ. ಕೆಲವೇ ತಿಂಗಳಲ್ಲಿ ಪೊಲೀಸರು ಆತನನ್ನು ಹಿಡಿದು ಸಾಯುವಂತೆ ಬಡಿದರು.

ಜೋಡಿಸಿದ ಕೈಗಳಿಂದ ಕೊಲೆ ನಿಲ್ಲಲಿಲ್ಲ. ೧೯೮೦ರ ಚುನಾವಣೆಯ ವರ್ಷದಲ್ಲಿ ಸುಮಾರು ೮೦೦ ಮಂದಿ ಸತ್ತರು. ಬೈದವನಿಂದಲೂ ನಿಲ್ಲಲಿಲ್ಲವೆನ್ನಿ. ಆದರೂ ನನ್ನ ಮನಸ್ಸು ಟಾಷನ ಕಡೆಗೇ ವಾಲುತ್ತದೆ. ಮುಖಂಡರು ಕೈ ಕುಲುಕುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಮಾರ್ಲಿ ೧೯೮೧ರಲ್ಲಿ, ೩೬ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಟಾಷ್ ೧೯೮೭ರಲ್ಲಿ ತನ್ನ ಮನೆಯಲ್ಲೇ ಗುಂಡಿಗೆ ಬಲಿಯಾದ. ಉಳಿದಿದ್ದ ಬನ್ನಿ ವೇಲರ್ ೨೦೨೧ರಲ್ಲಿ ಕಣ್ಮುಚ್ಚಿದ. ರೆಗ್ಗೆಯನ್ನು ಯುನೆಸ್ಕೋ ೨೦೧೮ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಾರ್ಲಿಯ ವಿಷಯದಲ್ಲಿ ಒಂದು ಮಾತು ಉಳಿದಿದೆ. ೧೯೮೦ರ ಏಪ್ರಿಲ್‌ನಲ್ಲಿ ಜಿಂಬಾಬ್ವೆ ಸ್ವತಂತ್ರವಾದಾಗ ಆತನಿಗೆ ಕರೆ ಬಂತು. ಆ ನಾಡಿನ ಹೆಸರಿನಲ್ಲೇ ಆತ ಹಿಂದಿನ ವರ್ಷ ಹಾಡು ಕಟ್ಟಿದ್ದ. ಸಾಮಾನು ಸರಂಜಾಮುಗಳನ್ನು ಸ್ವಂತ ಖರ್ಚಿನಿಂದಲೇ ವಿಮಾನದಲ್ಲಿ ಒಯ್ದ. ಒಳಗೆ ಗಣ್ಯರು ಕುಳಿತಿದ್ದರು. ಹೊರಗೆ ನಿಂತ ಜನ ಒಳಬರಲು ನುಗ್ಗಿದಾಗ ಪೊಲೀಸರು ಅಶ್ರುವಾಯು ಬಿಟ್ಟರು. ಹೊಗೆ ವೇದಿಕೆಗೂ ಬಂದು ಹಾಡು ನಿಂತಿತು. ಕಣ್ಣೊರೆಸಿಕೊಂಡು ಮತ್ತೆ ಹಾಡಿ, ಮರುದಿನ ಜನಸಾಮಾನ್ಯರಿಗೆಂದೇ ಆತ ಇನ್ನೊಂದು ಕಚೇರಿ ನಡೆಸಿದ.