ನೀರಿನೊಳಗೆ ಕಲಿಯುವ ತಾಳ್ಮೆ

ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದರೆ ಬಹಳ ಸಲ ತಲೆಕೆಳಗಾಗುತ್ತದೆ. ಎಂಜಿನ್, ಗೇರ್‌ಬಾಕ್ಸ್, ರೆಕ್ಕೆಗಳ ಭಾರವೆಲ್ಲ ಅದರ ನೆತ್ತಿಯ ಮೇಲಿರುವುದೇ ಇದಕ್ಕೆ ಕಾರಣ. ಒಳಗೆ ಕೂತವರಿಗೆ ಮೇಲು ಯಾವುದು, ಕೆಳಗು ಯಾವುದು ಎಂಬುದೇ ತಿಳಿಯುವುದಿಲ್ಲ. ಮೂಗಿಗೆ ನೀರು ನುಗ್ಗುತ್ತದೆ, ಗುಳ್ಳೆಗಳ ನಡುವೆ ಕಣ್ಣು ಕಾಣುವುದಿಲ್ಲ. ಆಗ ಕೈ ಮೊದಲು ಹೋಗುವುದು ಸೀಟ್ ಬೆಲ್ಟಿನ ಕಡೆಗೆ. ಅದೇ ತಪ್ಪು. ಬೆಲ್ಟ್ ಬಿಚ್ಚಿದೊಡನೆ ಮೈ ತೇಲಿ ಎಲ್ಲೋ ಹೋಗಿ ಬಡಿಯುತ್ತದೆ, ಕಿಟಕಿ ಎತ್ತ ಇತ್ತೆಂಬ ಅಂದಾಜು ಕೈತಪ್ಪುತ್ತದೆ. ಬದುಕಿ ಬರಬೇಕೆಂದರೆ ಉಸಿರು ಬಿಗಿಹಿಡಿದು, ಒಂದು ಕೈಯನ್ನು ಕಿಟಕಿಯ ಅಂಚಿನಲ್ಲಿಟ್ಟು, ಉರುಳಾಟ ನಿಲ್ಲುವವರೆಗೆ ಕಾಯಬೇಕು. ಆಮೇಲೆ ಕಿಟಕಿ ತಳ್ಳಬೇಕು. ಬೆಲ್ಟ್ ಬಿಚ್ಚುವುದು ಕೊನೆಯ ಕೆಲಸ.

ಇದನ್ನು ಪುಸ್ತಕ ಓದಿ ಕಲಿಯಲಾಗದು. ಅದಕ್ಕೆಂದೇ ದಕ್ಷಿಣ ಗೋವಾದಲ್ಲಿ, ಸಾಳ್ ನದಿ ಕಡಲು ಸೇರುವ ಬೇತುಲ್‌ನಲ್ಲಿ, ಒಎನ್‌ಜಿಸಿ ಒಂದು ಸೀ ಸರ್ವೈವಲ್ ಸೆಂಟರ್ ಕಟ್ಟಿದೆ. ಕಡಲ ನಡುವಿನ ತೈಲ ವೇದಿಕೆಗಳಲ್ಲಿ ದುಡಿಯುವವರು ಇಂಥ ಕಡೆ ನಕಲಿ ಹೆಲಿಕಾಪ್ಟರಿನೊಳಗೆ ಕೂತು, ಕೊಳದಲ್ಲಿ ಮುಳುಗಿ, ತಲೆಕೆಳಗಾಗಿ, ಹೊರಬರುವುದನ್ನು ಅಭ್ಯಾಸ ಮಾಡುತ್ತಾರೆ. ಮೊದಲು ನೇರವಾಗಿ ಮುಳುಗುವುದು, ಆಮೇಲೆ ಮಗುಚಿಕೊಂಡು ಮುಳುಗುವುದು. ವರ್ಷಕ್ಕೆ ಹತ್ತರಿಂದ ಹದಿನೈದು ಸಾವಿರ ಮಂದಿಗೆ ತರಬೇತಿ ಕೊಡುವುದು ಕೇಂದ್ರದ ಗುರಿ. ಒಎನ್‌ಜಿಸಿಗೆ ಬೇತುಲ್ ಹೊಸ ಜಾಗವಲ್ಲ. ತೈಲೋದ್ಯಮದ ಸುರಕ್ಷತೆ ಕಲಿಸುವ ಅದರ ಸಂಸ್ಥೆ 1989ರಿಂದಲೂ ಅಲ್ಲಿದೆ.

2024ರ ಫೆಬ್ರವರಿ 6ರಂದು ಪ್ರಧಾನಿ ನರೇಂದ್ರ ಮೋದಿ ಈ ಕೇಂದ್ರವನ್ನು ಉದ್ಘಾಟಿಸಿದರು. ಅದೇ ದಿನ ಅವರು ಗೋವಾ ಎನ್‌ಐಟಿಯ ಕಾಯಂ ಕ್ಯಾಂಪಸ್ಸನ್ನೂ ಉದ್ಘಾಟಿಸಿದರು. ಆ ಕ್ಯಾಂಪಸ್ ಇರುವುದು ಬೇತುಲ್‌ಗೆ ಅನತಿ ದೂರದ ಕುಂಕಳ್ಳಿಯಲ್ಲಿ. 1583ರಲ್ಲಿ ಪೋರ್ಚುಗೀಸರ ವಿರುದ್ಧ ದಂಗೆಯೆದ್ದ ಊರು ಎಂದು ಕುಂಕಳ್ಳಿಯನ್ನು ಚರಿತ್ರೆ ನೆನೆಯುತ್ತದೆ. ಇಂದು ಅಲ್ಲಿ ರಾಷ್ಟ್ರೀಯ ಹೆದ್ದಾರಿ 66, ಮೀನು ಸಂಸ್ಕರಣೆಯ ಘಟಕಗಳಿರುವ ಕೈಗಾರಿಕಾ ವಸಾಹತು, ಒಂದು ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಕಾಲೇಜು ಎಲ್ಲವೂ ಇವೆ.

ಒಂದೇ ದಿನ ಬಾಗಿಲು ತೆರೆದ ಈ ಎರಡು ಸಂಸ್ಥೆಗಳನ್ನು ಜೊತೆಗಿಟ್ಟು ನೋಡಿದರೆ ಇಂದಿನ ಉದ್ಯೋಗ ಜಗತ್ತಿನ ಬಹುಮುಖ್ಯ ಪ್ರಶ್ನೆಯೊಂದು ಎದುರಾಗುತ್ತದೆ. ಕುಂಕಳ್ಳಿಯಲ್ಲಿ ನಾಲ್ಕು ವರ್ಷ ಕಲಿಸುವುದು ವಿದ್ಯೆ. ಬೇತುಲ್‌ನಲ್ಲಿ ಕೆಲವೇ ದಿನಗಳಲ್ಲಿ ರೂಢಿ ಮಾಡಿಸುವುದು ನಾವು ಸ್ವಭಾವ ಎಂದುಕೊಂಡಿರುವ ಗುಣವನ್ನು: ಗಾಬರಿಯಾಗದಿರುವುದು, ಕಾಯುವುದು, ಕ್ರಮ ತಪ್ಪದಿರುವುದು. ‘ಅವನ ಸ್ವಭಾವವೇ ಹಾಗೆ, ತಣ್ಣಗಿರುತ್ತಾನೆ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ತಣ್ಣಗಿರುವುದನ್ನೂ ಕಲಿಸಬಹುದು, ಕಲಿಸಿದ ಮೇಲೆ ಅದು ಮಾಸುತ್ತದೆ ಎಂಬುದು ಕಡಲಿನ ಉದ್ಯಮಕ್ಕೆ ಗೊತ್ತು. ಅದಕ್ಕೇ ಅಂತರರಾಷ್ಟ್ರೀಯ ತೈಲೋದ್ಯಮದಲ್ಲಿ ಈ ಮೂಲ ತರಬೇತಿಯ ಪ್ರಮಾಣಪತ್ರಕ್ಕೆ ನಾಲ್ಕೇ ವರ್ಷ ಆಯಸ್ಸು. ಆಮೇಲೆ ಮತ್ತೆ ನೀರಿಗಿಳಿಯಬೇಕು.

ಅರಬ್ಬಿ ಸಮುದ್ರದಲ್ಲಿ ಈ ತರಬೇತಿ ಏಕೆ ಬೇಕೆಂಬುದಕ್ಕೆ ಉದಾಹರಣೆ ಹುಡುಕಬೇಕಿಲ್ಲ. 2022ರ ಜೂನ್ 28ರಂದು ‘ಸಾಗರ್ ಕಿರಣ್’ ರಿಗ್‌ನತ್ತ ಹೊರಟಿದ್ದ ಹೆಲಿಕಾಪ್ಟರ್ ಮುಂಬೈ ಆಚೆಯ ಕಡಲಿಗೆ ಬಿತ್ತು. ಒಳಗಿದ್ದ ಒಂಬತ್ತು ಮಂದಿಯಲ್ಲಿ ಐವರು ಬದುಕಿದರು, ನಾಲ್ವರು ತೀರಿಕೊಂಡರು. ಅದರ ಹಿಂದಿನ ವರ್ಷ ತೌಕ್ತೆ ಚಂಡಮಾರುತದಲ್ಲಿ ಪಿ-305 ಬಾರ್ಜ್ ಮುಳುಗಿ 70ಕ್ಕೂ ಹೆಚ್ಚು ಕೆಲಸಗಾರರು ಜೀವ ಕಳೆದುಕೊಂಡರು. ಅಲ್ಲಿ ಚಂಡಮಾರುತದ ಮುನ್ಸೂಚನೆ ಇತ್ತು, ಬಾರ್ಜ್ ಮಾತ್ರ ದಡಕ್ಕೆ ಮರಳಲಿಲ್ಲ. ಮುನ್ಸೂಚನೆ ಸಿಕ್ಕಿದಾಗ ಅದರ ಮೇಲೆ ನಿರ್ಧಾರ ತೆಗೆದುಕೊಳ್ಳುವುದೂ ಕೆಲಸದ ಭಾಗವೇ. ಕೊಳದಲ್ಲಿ ಕಲಿಯುವ ವಿದ್ಯೆಗಿಂತ ಅದು ಕಷ್ಟದ್ದು, ಏಕೆಂದರೆ ಅಲ್ಲಿ ಒಬ್ಬನ ಧೈರ್ಯ ಸಾಲದು, ಹಲವರ ನಡುವೆ ಮಾತು ಸರಿಯಾಗಿ ಸಾಗಬೇಕು.

ಮಾತು ಸಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ತೈಲೋದ್ಯಮದಲ್ಲಿ ಇಂದಿಗೂ ಹೇಳಿಕೊಡುವ ಪಾಠ ‘ಪೈಪರ್ ಆಲ್ಫಾ’. ಸ್ಕಾಟ್ಲೆಂಡಿನಾಚೆ ಉತ್ತರ ಸಮುದ್ರದಲ್ಲಿದ್ದ ಈ ವೇದಿಕೆ 1988ರ ಜುಲೈ 6ರ ರಾತ್ರಿ ಸ್ಫೋಟಗೊಂಡು 167 ಮಂದಿ ಸತ್ತರು. ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷತಾ ಕವಾಟವನ್ನು ರಿಪೇರಿಗೆಂದು ಬಿಚ್ಚಿದ್ದರು; ಕೆಲಸ ಮುಗಿಯದೆ ಆ ಜಾಗವನ್ನು ತಾತ್ಕಾಲಿಕವಾಗಿ ಮುಚ್ಚಿಟ್ಟಿದ್ದರು. ಅದನ್ನು ಹೇಳುವ ಪರ್ಮಿಟ್ ಕಾಗದವೂ ಇತ್ತು. ಆದರೆ ಸುದ್ದಿ ರಾತ್ರಿ ಪಾಳಿಗೆ ಮುಟ್ಟಲಿಲ್ಲ. ಇನ್ನೊಂದು ಪಂಪ್ ಕೈಕೊಟ್ಟಾಗ ಅವರು ಇದನ್ನೇ ಚಾಲೂ ಮಾಡಿದರು. ಲಾರ್ಡ್ ಕಲನ್ ಅವರ ವಿಚಾರಣಾ ವರದಿ 1990ರಲ್ಲಿ 106 ಶಿಫಾರಸು ಮಾಡಿತು. ಅಂದು ಆ ವೇದಿಕೆಯಲ್ಲಿ ಅನುಭವಿ ಕೆಲಸಗಾರರಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ಒಪ್ಪಿಸುವ ಕ್ರಮದಲ್ಲಿ.

ಕಚೇರಿಯಲ್ಲಿ ಕೂತು ಕೆಲಸ ಮಾಡುವವರಿಗೆ ಇದು ದೂರದ ಕತೆ ಅನ್ನಿಸಬಹುದು. ಹಾಗೇನೂ ಇಲ್ಲ. ಆಸ್ಪತ್ರೆಯಲ್ಲಿ ನರ್ಸುಗಳ ಪಾಳಿ ಬದಲಾಗುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಸಂಜೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ಅಮೆರಿಕದ ಸಹೋದ್ಯೋಗಿ ಬೆಳಿಗ್ಗೆ ಎತ್ತಿಕೊಳ್ಳುತ್ತಾರೆ. ವರ್ಗವಾದ ಗುಮಾಸ್ತರು ಕಡತಗಳ ಚಾರ್ಜ್ ಒಪ್ಪಿಸಿ ಹೊರಡುತ್ತಾರೆ. ಏನು ಮುಗಿಯಿತು, ಏನು ಉಳಿಯಿತು, ಎಲ್ಲಿ ಅಪಾಯವಿದೆ ಎಂದು ನಾಲ್ಕು ಸಾಲಲ್ಲಿ ಸ್ಪಷ್ಟವಾಗಿ ಬರೆಯಬಲ್ಲವರು ಎಲ್ಲ ಕಡೆಯೂ ಬೇಕು. ಇಷ್ಟು ಅಗತ್ಯವಾದ ಬರವಣಿಗೆಯನ್ನು ಶಾಲೆ ಕಾಲೇಜುಗಳು ಪಾಠವೆಂದು ಕಲಿಸುವುದೇ ಇಲ್ಲ ಎನ್ನುವುದು ನಿಜಕ್ಕೂ ಚಿಂತೆಯ ವಿಷಯ.

ದೊಡ್ಡವರ ಎದುರು ಬಾಯಿಬಿಡುವುದು ಇನ್ನೂ ಕಷ್ಟ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಮಂಜಿನಲ್ಲಿ ಹೊರಡಲು ಅವಸರಿಸುತ್ತಿದ್ದ ವಿಮಾನದ ಫ್ಲೈಟ್ ಎಂಜಿನಿಯರ್, ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಅನುಮಾನದಿಂದ ಕೇಳಿದ್ದರು. ಹಿರಿಯ ಕ್ಯಾಪ್ಟನ್ ಹೌದೆಂದು ಒತ್ತಿ ಹೇಳಿದರು. ಎಂಜಿನಿಯರ್ ಸುಮ್ಮನಾದರು. ಇಂಥ ದುರಂತಗಳ ಬಳಿಕ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ಕಾಕ್‌ಪಿಟ್‌ನಲ್ಲಿ ಕಿರಿಯರು ಅನುಮಾನವನ್ನು ಗಟ್ಟಿಯಾಗಿ ಹೇಳುವುದನ್ನೂ, ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನೂ ವಿಮಾನ ಹಾರಿಸುವಷ್ಟೇ ಶ್ರದ್ಧೆಯಿಂದ ಕಲಿಸುವ ಪದ್ಧತಿ ಅಲ್ಲಿಂದ ಬೆಳೆಯಿತು.

ಆ ಕಲಿಕೆ ಹತ್ತು ವರ್ಷದಲ್ಲಿ ಫಲ ಕೊಟ್ಟಿತು. 1989ರ ಜುಲೈ 19ರಂದು ಯುನೈಟೆಡ್ ಏರ್‌ಲೈನ್ಸ್‌ನ 232ನೇ ವಿಮಾನದ ಹಿಂಬದಿಯ ಎಂಜಿನ್ ಒಡೆದು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಹಾಳಾದವು. ವಿಮಾನವನ್ನು ತಿರುಗಿಸುವ ದಾರಿಯೇ ಉಳಿಯಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ಎಲ್ಲವೂ ತನಗೇ ಗೊತ್ತೆಂದು ಕೂರಲಿಲ್ಲ. ಪ್ರಯಾಣಿಕನಾಗಿ ಬಂದಿದ್ದ ತರಬೇತುದಾರ ಪೈಲಟ್ ಡೆನ್ನಿಸ್ ಫಿಚ್ ಅವರನ್ನು ಒಳಗೆ ಕರೆಸಿಕೊಂಡು, ಉಳಿದೆರಡು ಎಂಜಿನ್‌ಗಳ ಥ್ರಾಟಲ್‌ಗಳನ್ನು ಅವರ ಕೈಗೆ ಕೊಟ್ಟರು. ವಿಮಾನ ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿದರೂ 296 ಮಂದಿಯಲ್ಲಿ 184 ಮಂದಿ ಬದುಕಿ ಉಳಿದರು. ಕೂಡಿ ಯೋಚಿಸುವ ಆ ತರಬೇತಿಯೇ ತಮ್ಮನ್ನು ಕಾಪಾಡಿತು ಎಂದು ಹೇನ್ಸ್ ಮುಂದೆ ಹಲವು ವರ್ಷ ಊರೂರಿನಲ್ಲಿ ಹೇಳುತ್ತಾ ಬಂದರು.

ಈಗ ಕುಂಕಳ್ಳಿಗೆ ಮರಳೋಣ. ಗೋವಾ ಎನ್‌ಐಟಿ ಆರಂಭವಾದದ್ದು 2010ರಲ್ಲಿ. ಎಳೆಯ ಸಂಸ್ಥೆಯನ್ನು ಕೈಹಿಡಿದು ನಡೆಸಿದ್ದು ನಮ್ಮ ಸುರತ್ಕಲ್‌ನ ಎನ್‌ಐಟಿಕೆ. ಆಮೇಲೆ ಬಹುಕಾಲ ಅದು ಫೋಂಡಾ ಬಳಿಯ ಫರ್ಮಾಗುಡಿಯಲ್ಲಿ, ಗೋವಾ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ನಡೆಯಿತು. ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್ ವಿಭಾಗಗಳಿಂದ ಶುರುವಾಗಿ ಮೆಕ್ಯಾನಿಕಲ್, ಸಿವಿಲ್‌ವರೆಗೆ ಬೆಳೆಯಿತು. ಇಲ್ಲಿಗೆ ಬರುವವರು ಕಠಿಣ ಪ್ರವೇಶ ಪರೀಕ್ಷೆ ದಾಟಿದ ಜಾಣರು. ಅವರ ಗಣಿತದ ಬಗ್ಗೆ ಯಾರಿಗೂ ಸಂಶಯವಿಲ್ಲ.

ಆದರೆ ಆ ಗಣಿತದ ಒಂದಷ್ಟು ಪಾಲನ್ನು ಯಂತ್ರಗಳು ಮಾಡತೊಡಗಿವೆ. 2025ರ ಜನವರಿಯಲ್ಲಿ ವಿಶ್ವ ಆರ್ಥಿಕ ವೇದಿಕೆ ಪ್ರಕಟಿಸಿದ ಉದ್ಯೋಗ ಭವಿಷ್ಯದ ವರದಿಗಾಗಿ ಸಾವಿರಕ್ಕೂ ಹೆಚ್ಚು ದೊಡ್ಡ ಕಂಪನಿಗಳನ್ನು ಮಾತಾಡಿಸಲಾಗಿತ್ತು. ನೌಕರರ ಮುಖ್ಯ ಕೌಶಲಗಳಲ್ಲಿ ಶೇ 39ರಷ್ಟು 2030ರ ಹೊತ್ತಿಗೆ ಬದಲಾಗುತ್ತವೆ ಎಂದು ಅವು ಅಂದಾಜಿಸಿದವು. ಅವು ಬಯಸುವ ಗುಣಗಳಲ್ಲಿ ಮೊದಲನೆಯದು ವಿಶ್ಲೇಷಿಸಿ ಯೋಚಿಸುವ ಶಕ್ತಿ. ಅದರ ಬೆನ್ನಿಗೇ ಬರುವುದು ಪೆಟ್ಟು ತಿಂದರೂ ಚೇತರಿಸಿಕೊಂಡು ಹೊಸದಕ್ಕೆ ಒಗ್ಗಿಕೊಳ್ಳುವ ಗುಣ, ಆಮೇಲೆ ಜನರನ್ನು ಜೊತೆಗೆ ಕರೆದೊಯ್ಯುವ ಗುಣ. ಬೇತುಲ್‌ನ ಕೊಳಕ್ಕೂ ಈ ಪಟ್ಟಿಗೂ ನಂಟಿದೆ.

ಜನರನ್ನು ಜೊತೆಗೆ ಕರೆದೊಯ್ಯಲು ಭಾಷೆಯೂ ಬೇಕು, ಆ ವಿಷಯದಲ್ಲಂತೂ ಗೋವಾ ಗಡಿ ಸೀಮೆಯವರು ಮೊದಲೇ ಮುಂದಿದ್ದಾರೆ. ಕಾರವಾರ, ಅಂಕೋಲಾ ಕಡೆಯ ಎಷ್ಟೋ ಯುವಕ ಯುವತಿಯರು ಮಾಜಾಳಿ ಗಡಿ ದಾಟಿ, ಕಾಣಕೋಣದ ಮೇಲೆ ಹಾದು ಗೋವಾದ ಕಾರ್ಖಾನೆ, ಹೋಟೆಲು, ಆಸ್ಪತ್ರೆಗಳಿಗೆ ದುಡಿಯಲು ಹೋಗುತ್ತಾರೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತ ಹುಡುಗಿ ಗೋವಾದ ಮೇಲಧಿಕಾರಿಯ ಜೊತೆ ಕೊಂಕಣಿಯಲ್ಲಿ, ಉತ್ತರದಿಂದ ಬಂದ ಸಹಕೆಲಸಗಾರರ ಜೊತೆ ಹಿಂದಿಯಲ್ಲಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರ ಜೊತೆ ಕನ್ನಡದಲ್ಲಿ ಮಾತಾಡಿ, ದಾಖಲೆಯನ್ನು ಇಂಗ್ಲಿಷಿನಲ್ಲಿ ತುಂಬುತ್ತಾಳೆ. ಒಂದು ಸೂಚನೆ ನಾಲ್ಕು ಭಾಷೆಯಲ್ಲಿ ಅರ್ಥ ಕೆಡದೆ ಇಳಿಯುವಂತೆ ನೋಡಿಕೊಳ್ಳುವ ಇಂಥವರಿಂದ ತಪ್ಪುಗಳು ತಪ್ಪುತ್ತವೆ. ಈ ಸಾಮರ್ಥ್ಯವನ್ನು ಅರ್ಜಿಯಲ್ಲಿ ‘ಗೊತ್ತಿರುವ ಭಾಷೆಗಳು’ ಎಂಬ ಒಂದು ಸಾಲಿಗೆ ಇಳಿಸಿ ಮರೆತುಬಿಡುವುದು ದೊಡ್ಡ ನಷ್ಟ.

ಇಂಥ ಗುಣಗಳನ್ನು ಸಾಮಾನ್ಯರಿಗೂ ಕಲಿಸಬಹುದೇ? ಕರ್ನಾಟಕ ಇದಕ್ಕೆ ನಾಲ್ಕು ದಶಕಗಳ ಹಿಂದೆಯೇ ಉತ್ತರ ಕೊಟ್ಟಿದೆ. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆ ಅವರ ನೇತೃತ್ವದಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಹುಟ್ಟುಹಾಕಿದವು. ಹಳ್ಳಿಯ ನಿರುದ್ಯೋಗಿಗಳಿಗೆ ಊಟ ವಸತಿಯೊಂದಿಗೆ ಉಚಿತವಾಗಿ ಹೈನುಗಾರಿಕೆ, ಹೊಲಿಗೆ, ಮೋಟಾರ್ ರಿವೈಂಡಿಂಗ್‌ನಂಥ ಕಸುಬು ಕಲಿಸುವ ಸಂಸ್ಥೆ ಇದು. ಕಸುಬಿನ ಜೊತೆಗೆ ಅಲ್ಲಿ ಆಟಗಳೂ ಇವೆ. ಒಂದು ಆಟದಲ್ಲಿ ಗೂಟಕ್ಕೆ ಬಳೆ ಎಸೆಯಬೇಕು. ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದು ಎಸೆಯುವವನ ಆಯ್ಕೆ. ತೀರ ಹತ್ತಿರ ನಿಂತರೆ ಗೆಲುವಿಗೆ ಬೆಲೆಯಿಲ್ಲ, ತೀರ ದೂರ ನಿಂತರೆ ಸೋಲು ಖಚಿತ. ಇನ್ನೊಂದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎಡಗೈಯಲ್ಲಿ ಗೋಪುರ ಪೇರಿಸಬೇಕು. ಎಷ್ಟು ಎತ್ತರ ಪೇರಿಸುತ್ತೇನೆಂದು ಮೊದಲೇ ಹೇಳಬೇಕು, ಪಕ್ಕದವರ ಸೂಚನೆ ಕೇಳುತ್ತಾ ಜೋಡಿಸಬೇಕು. ಆಟ ಮುಗಿದ ಮೇಲಿನ ಚರ್ಚೆಯೇ ನಿಜವಾದ ಪಾಠ: ಆ ದೂರವನ್ನೇ ಏಕೆ ಆರಿಸಿದೆ, ಸೋತ ಮೇಲೆ ಗುರಿಯನ್ನು ಏಕೆ ಬದಲಿಸಲಿಲ್ಲ?

ಈ ಆಟಗಳ ಬೇರು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರ ಚಿಂತನೆಯಲ್ಲಿದೆ. ಅವರ ತಂಡ 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ, ಸಾಧಿಸುವ ಛಲವನ್ನು ಕಲಿಸಬಹುದೇ ಎಂದು ಪರೀಕ್ಷಿಸಿತ್ತು. ತರಬೇತಿ ಪಡೆದವರು ಮುಂದಿನ ವರ್ಷಗಳಲ್ಲಿ ಪಡೆಯದವರಿಗಿಂತ ಹೆಚ್ಚಾಗಿ ತಮ್ಮ ವ್ಯಾಪಾರ ವಿಸ್ತರಿಸಿದ್ದರು. ಉಜಿರೆಯ ಮಾದರಿಯನ್ನು ಕೇಂದ್ರ ಸರ್ಕಾರ 2009ರಲ್ಲಿ ದೇಶಕ್ಕೆಲ್ಲ ಹಬ್ಬಿಸಲು ಹೊರಟಿತು. ಈಗ ಜಿಲ್ಲೆಗೊಂದರಂತೆ ಬ್ಯಾಂಕುಗಳು ಇಂಥ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ.

ಈ ಸಂಸ್ಥೆಗಳ ನಿಯಮವೊಂದು ವಿಶೇಷ ಗಮನಕ್ಕೆ ಅರ್ಹ. ತರಬೇತಿ ಮುಗಿಸಿ ಊರಿಗೆ ಮರಳಿದವರನ್ನು ಎರಡು ವರ್ಷದವರೆಗೆ ವಿಚಾರಿಸುತ್ತಿರಬೇಕು: ಸಾಲ ಸಿಕ್ಕಿತೇ, ಅಂಗಡಿ ತೆರೆದರೇ, ಎಲ್ಲಿ ತೊಡಕಾಯಿತು? ಎಂಜಿನಿಯರಿಂಗ್ ಕಾಲೇಜುಗಳ ಲೆಕ್ಕ ಸಾಮಾನ್ಯವಾಗಿ ಪ್ಲೇಸ್‌ಮೆಂಟ್ ಪಟ್ಟಿಗೇ ಮುಗಿಯುತ್ತದೆ. ಕೆಲಸಕ್ಕೆ ಸೇರಿದ ಹುಡುಗ ಮೊದಲ ವರ್ಷ ಎಲ್ಲಿ ಎಡವಿದ, ಯಾವ ಮಾತು ಹೇಳಲು ಅಂಜಿದ, ಯಾವುದನ್ನು ಬರೆಯಲು ತಿಳಿಯದೆ ಒದ್ದಾಡಿದ ಎಂಬುದು ಕಲಿಸಿದವರಿಗೆ ತಿಳಿಯುವುದು ಅಪರೂಪ. ತಿಳಿದರೆ ಮುಂದಿನ ತಂಡಕ್ಕೆ ಪಾಠವೇ ಬದಲಾದೀತು.

ಕುಂಕಳ್ಳಿಯ ಕ್ಯಾಂಪಸ್ ಹೊಸದು, ರೂಢಿಗಳು ಇನ್ನೂ ಗಟ್ಟಿಯಾಗಿಲ್ಲ. ಊರಲ್ಲೇ ಕೈಗಾರಿಕಾ ವಸಾಹತಿದೆ, ಪಕ್ಕದಲ್ಲೇ ಬೇತುಲ್ ಇದೆ. ಮೊದಲ ವರ್ಷದ ವಿದ್ಯಾರ್ಥಿಗಳನ್ನು ಒಂದು ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿಗೆ ಕರೆದೊಯ್ದು, ಹೊರಡುವವರು ಬರುವವರಿಗೆ ಏನು ಹೇಳುತ್ತಾರೆಂದು ಕೇಳಿಸಿ, ಅದನ್ನು ಅರ್ಧ ಪುಟದಲ್ಲಿ ಬರೆಸಬಹುದು. ಬರೆದದ್ದನ್ನು ಆ ಪಾಳಿಯ ಸೂಪರ್‌ವೈಸರ್ ಕೈಗೇ ಕೊಟ್ಟು ತಿದ್ದಿಸಬಹುದು. ಇದಕ್ಕೆ ಹೊಸ ಕಟ್ಟಡವಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಒಬ್ಬ ಅಧ್ಯಾಪಕರು, ಒಬ್ಬ ಫ್ಯಾಕ್ಟರಿ ಮ್ಯಾನೇಜರ್ ಮನಸ್ಸು ಮಾಡಿದರೆ ಬರುವ ಸೆಮಿಸ್ಟರಿನಲ್ಲೇ ಶುರುಮಾಡಬಹುದು.