ಲೆನ್ಸ್ ಹಾಕಿಸಿದ ಕಣ್ಣು ಮತ್ತೆ ಮಂಜಾದರೆ...

ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡ ಮೇಲೆ ನಿಮ್ಮ ಮನೆಯ ಅಜ್ಜಿ ಎರಡು ವರ್ಷ ಅಕ್ಕಿಯ ಕಲ್ಲನ್ನು ತಾವೇ ಆರಿಸುತ್ತಿದ್ದರು, ಪತ್ರಿಕೆಯನ್ನೂ ಓದುತ್ತಿದ್ದರು. ಈಗ ಮತ್ತೆ ಎಲ್ಲವೂ ಹೊಗೆ ಕವಿದಂತೆ ಕಾಣುತ್ತದೆಯಂತೆ. ಮಂದಾರ್ತಿ ಮೇಳದ ಆಟಕ್ಕೆ ಹೋದರೆ ವೇಷದ ಮುಖ ಮಸುಕು, ದೀಪದ ಸುತ್ತ ಬಳೆ. 'ಲೆನ್ಸ್ ಹಾಳಾಯಿತು, ಈ ಪ್ರಾಯದಲ್ಲಿ ಇನ್ನೊಂದು ಆಪರೇಶನ್ ಯಾರಿಗೆ ಬೇಕು' ಎಂದು ಸುಮ್ಮನೆ ಕೂತಿದ್ದಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಈ ಮಾತು ಹೊಸದಲ್ಲ. ಆದರೆ ಹೆಚ್ಚಿನವರಲ್ಲಿ ಹಾಳಾದದ್ದು ಲೆನ್ಸ್ ಅಲ್ಲ, ಬೇಕಾದದ್ದು ಆಪರೇಶನ್ನೂ ಅಲ್ಲ.

ಹಿಂದೆ ಡಾ. ಎಂ.ಸಿ. ಮೋದಿಯವರ ಸಂಚಾರಿ ಶಿಬಿರಗಳ ಕಾಲದಲ್ಲಿ ಪೊರೆ ಬಂದ ಮಸೂರವನ್ನು ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಲಂಡನ್ನಿನ ಡಾ. ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣಿನೊಳಗೆ ಕೃತಕ ಮಸೂರ ಇರಿಸಿದ್ದರೂ ಅದು ನಮ್ಮ ಜನಸಾಮಾನ್ಯರಿಗೆ ಎಟುಕಲು ದಶಕಗಳೇ ಹಿಡಿದವು. ಈಗ ಮಸೂರದ ತಿರುಳನ್ನಷ್ಟೇ ತೆಗೆದು, ಅದನ್ನು ಸುತ್ತಿದ್ದ ತೆಳ್ಳನೆಯ ಚೀಲವನ್ನು ಉಳಿಸಿಕೊಳ್ಳುತ್ತಾರೆ; ದ್ರಾಕ್ಷಿಯ ತಿರುಳು ತೆಗೆದು ಸಿಪ್ಪೆ ಉಳಿಸಿದ ಹಾಗೆ. ಸುಮಾರು 6 ಮಿಲಿಮೀಟರ್ ಅಗಲದ ಹೊಸ ಲೆನ್ಸ್ ಕೂರುವುದು ಆ ಚೀಲದಲ್ಲಿ.

ಚೀಲದಲ್ಲಿ ಉಳಿದ ಕೆಲವು ಜೀವಕೋಶಗಳು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಬೆಳೆದು ಲೆನ್ಸಿನ ಹಿಂಭಾಗದ ಪದರವನ್ನು ಮಸುಕು ಮಾಡುತ್ತವೆ. 'ಪೊರೆ ಪುನಃ ಬಂತು' ಎಂದು ಜನ ಹೇಳುವುದು ಇದನ್ನೇ. ಯಾಗ್ ಲೇಸರ್ ಎಂಬ ಕಿರಣದಿಂದ ಆ ಪದರದ ನಡುವೆ ಕಿಟಕಿಯಷ್ಟು ತೆರವು ಮಾಡಿದರೆ ಬೆಳಕು ಸಲೀಸಾಗಿ ಒಳಹೋಗುತ್ತದೆ. ಕೆಲವೇ ನಿಮಿಷಗಳ ಕೆಲಸ. ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಅದೇ ದಿನ ಮನೆಗೆ ಬರಬಹುದು. ಬಳಿಕ ಕಣ್ಣಿನ ಮುಂದೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಹಠಾತ್ತನೆ ಹೆಚ್ಚಿದರೆ, ಪರದೆ ಇಳಿದಂತೆ ಕಂಡರೆ ಮಾತ್ರ ಅಂದೇ ವೈದ್ಯರಲ್ಲಿಗೆ ಹೋಗಿ. ಅಕ್ಷಿಪಟಲ ಕಳಚಿಕೊಳ್ಳುವ ಸೂಚನೆ ಅದಾಗಿರಬಹುದು.

ಹಾಗೆಂದು ಮಂಜಾದ ಕಣ್ಣಿಗೆಲ್ಲ ಲೇಸರ್ ಹೊಡೆಸುವುದೂ ಸರಿಯಲ್ಲ. ಅಪರೂಪಕ್ಕೆ ಲೆನ್ಸೇ ಬಿಳಿಚಿಕೊಳ್ಳುತ್ತದೆ. ಕೆಲವು ಬಗೆಯ ಮೆದು ಲೆನ್ಸುಗಳಲ್ಲಿ ಸುಣ್ಣದಂಶ ಕೂಡಿಕೊಂಡು ಹೀಗಾಗುವುದುಂಟು. ಆಗ ಹಳೆಯದನ್ನು ತೆಗೆದು ಬೇರೆ ಹಾಕಬೇಕು. ತಪ್ಪಿ ಲೇಸರ್ ಮಾಡಿಬಿಟ್ಟಿದ್ದರೆ ಚೀಲಕ್ಕೆ ತೂತು ಬಿದ್ದಿರುತ್ತದೆ, ಲೆನ್ಸ್ ಬದಲಿಸುವ ಕೆಲಸ ಕಠಿಣವಾಗುತ್ತದೆ. ಆದ್ದರಿಂದ 'ಮಂಜಾಗಿರುವುದು ಪದರವೋ, ಲೆನ್ಸೋ' ಎಂದು ಕೇಳಿ ತಿಳಿದುಕೊಳ್ಳಲು ಸಂಕೋಚಪಡಬೇಡಿ. ಕೇಳಿದರೆ ಡಾಕ್ಟರು ಬೇಸರಿಸುವರೆಂಬ ಅಂಜಿಕೆ ನಮ್ಮಲ್ಲಿ ಹೆಚ್ಚು.

ಲೆನ್ಸ್ ಜಾರುವುದು ಇನ್ನೊಂದು ತೊಂದರೆ. ಚೀಲವನ್ನು ಹಿಡಿದಿರುವ ಸೂಕ್ಷ್ಮ ಎಳೆಗಳು ವಯಸ್ಸಾದ ಕೆಲವರಲ್ಲಿ ಸಡಿಲವಾಗಿರುತ್ತವೆ. ಹಟ್ಟಿಯಲ್ಲಿ ದನದ ಕೊಂಬು ತಾಗಿದರೆ, ತೆಂಗಿನ ಗರಿ ಬಡಿದರೂ ಎಳೆ ಹರಿಯಬಹುದು. ಒಂದು ವಸ್ತು ಎರಡಾಗಿ ಕಾಣುವುದು, ಲೆನ್ಸಿನ ಅಂಚು ಕಂಡಂತಾಗುವುದು ಇದರ ಲಕ್ಷಣ. ಸ್ವಲ್ಪ ಸರಿದಿದ್ದರೆ ಅದನ್ನೇ ಸರಿಪಡಿಸಿ ಕೂರಿಸಬಹುದು. ಚೀಲದ ಆಧಾರವೇ ಇಲ್ಲದಿದ್ದರೆ ಕಣ್ಣಿನ ಬಿಳಿಭಾಗದ ಗೋಡೆಗೆ ಲೆನ್ಸನ್ನು ಹೊಲಿಗೆ ಅಥವಾ ಅಂಟಿನಿಂದ ಭದ್ರಪಡಿಸುತ್ತಾರೆ, ಇಲ್ಲವೇ ಪಾಪೆಯ ಸುತ್ತಲಿನ ಬಣ್ಣದ ಪರದೆಗೆ ಕಚ್ಚಿಸುತ್ತಾರೆ. ಲೆನ್ಸ್ ಹಿಂದಕ್ಕೆ ಬಿದ್ದಿದ್ದರೆ ಅಕ್ಷಿಪಟಲದ ತಜ್ಞರು ಕಣ್ಣಿನೊಳಗಿನ ಲೋಳೆ ತೆಗೆದು ಅದನ್ನು ಎತ್ತಬೇಕಾಗುತ್ತದೆ. ಇದು ಮಣಿಪಾಲದ ಕಸ್ತೂರ್ಬಾದಂಥ ದೊಡ್ಡ ಆಸ್ಪತ್ರೆಯ ಕೆಲಸ, ಕ್ಯಾಂಪಿನದ್ದಲ್ಲ.

ಲೆನ್ಸಿನ ಪವರ್ ಹೊಂದದಿದ್ದರೆ ಹೆಚ್ಚಿನವರಿಗೆ ಕನ್ನಡಕ ಸಾಕು. ವ್ಯತ್ಯಾಸ ತೀರಾ ಹೆಚ್ಚಿದ್ದು ಬದಲಿಸಲೇಬೇಕಾದರೆ, ಚೀಲ ಲೆನ್ಸಿಗೆ ಅಂಟಿಕೊಳ್ಳುವ ಮೊದಲು, ಆರಂಭದ ವಾರಗಳಲ್ಲೇ ಮಾಡುವುದು ಸುಲಭ.

ಇವುಗಳಲ್ಲಿ ಹಲವಕ್ಕೆ ಕೆಲವು ದಿನ ಕಾಯಬಹುದು. ಸೋಂಕಿಗೆ ಒಂದು ರಾತ್ರಿಯೂ ಕಾಯಬಾರದು. ಆಪರೇಶನ್ ಆದ ಮೊದಲ ಒಂದೆರಡು ವಾರಗಳಲ್ಲಿ ಕಣ್ಣು ಕೆಂಪಗಾಗಿ ನೋವು ಏರಿದರೆ, ರೆಪ್ಪೆ ಊದಿದರೆ, ನಿನ್ನೆ ಕಂಡದ್ದು ಇಂದು ಕಾಣದಿದ್ದರೆ ಅದು ತುರ್ತು. ಕೆಲವರಿಗೆ ನೋವೇ ಇರುವುದಿಲ್ಲ, ದೃಷ್ಟಿ ಮಾತ್ರ ಇಳಿಯುತ್ತದೆ. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಎಣ್ಣೆ - ಯಾವುದನ್ನೂ ಆ ಕಣ್ಣಿಗೆ ಬಿಡಬೇಡಿ. ಕಣ್ಣಿನೊಳಗೇ ಔಷಧಿಯ ಇಂಜೆಕ್ಷನ್ ಕೊಡಬೇಕಾಗುತ್ತದೆ. ಬೆಳಕಷ್ಟೇ ತಿಳಿಯುವ ಹಂತ ತಲುಪಿದವರಿಗೆ ಇಂಜೆಕ್ಷನ್ನಿಗಿಂತ, ಒಡನೆ ಲೋಳೆ ತೆಗೆಯುವ ಶಸ್ತ್ರಚಿಕಿತ್ಸೆಯೇ ಹೆಚ್ಚು ಫಲ ಕೊಡುತ್ತದೆಂದು 1995ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಬೈಂದೂರಿನವರಿಗೆ ಮಣಿಪಾಲವೆಂದರೆ ಕುಂದಾಪುರ, ಬ್ರಹ್ಮಾವರ ಎರಡನ್ನೂ ದಾಟಬೇಕು. ಅಷ್ಟು ದೂರ ನಾಳೆ ಹೋದರಾಯಿತು ಎನ್ನುವಲ್ಲೇ ಕಣ್ಣು ಹೋಗುತ್ತದೆ. ಆಪರೇಶನ್ ಮಾಡಿದವರಿಗೆ ಫೋನ್ ಮಾಡಿ, ಅವರು ಸಿಗದಿದ್ದರೆ ನೇರ ಹೊರಡಿ.

ಲೆನ್ಸಿನ ಹೆಸರು, ಪವರ್ ಬರೆದ ಚೀಟಿಯನ್ನು ರೇಷನ್ ಕಾರ್ಡಿನ ಜತೆಗೇ ಇಟ್ಟುಕೊಳ್ಳಿ. ಹೋಗುವಾಗ ಅದನ್ನೂ, ಜತೆಗೊಬ್ಬರನ್ನೂ ಕರೆದುಕೊಂಡು ಹೋಗಿ. ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡುವುದರಿಂದ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ಹೆದ್ದಾರಿಯಲ್ಲಿ ಬೈಕ್ ಬಿಟ್ಟುಕೊಂಡು ಬರುವಂತಿಲ್ಲ.