ಕಿವಿ ಕಲಿತ ಮೇಲೆ ನಾಲಗೆ

ಜರ್ಮನ್ ಮತ್ತು ಇಂಗ್ಲಿಷ್ ಒಂದೇ ಮನೆತನದ ನುಡಿಗಳು. ಕೈ ಎಂಬ ಅರ್ಥದ ಮಾತನ್ನು ಎರಡು ಭಾಷೆಯವರೂ ಅವೇ ನಾಲ್ಕು ರೋಮನ್ ಅಕ್ಷರಗಳಿಂದ ಬರೆಯುತ್ತಾರೆ. ಓದುವಾಗ ಮಾತ್ರ ಆಂಗ್ಲರು ‘ಹ್ಯಾಂಡ್’ ಎಂದರೆ ಜರ್ಮನರು ‘ಹಂಟ್’ ಎನ್ನುತ್ತಾರೆ. ಇಷ್ಟು ಹತ್ತಿರದ ನೆಂಟರಿಗೆ ಒಬ್ಬರ ಉಚ್ಚಾರಣೆ ಇನ್ನೊಬ್ಬರಿಗೆ ಸುಲಭವಾಗಿ ಒಲಿಯಬೇಕೆಂದು ತೋರುವುದು ಸಹಜ. ಆದರೆ ಸ್ವರಗಳ ವಿಷಯದಲ್ಲಿ ಈ ನೆಂಟಸ್ತಿಕೆಯೇ ಹಲವೊಮ್ಮೆ ತೊಡಕಾಗುತ್ತದೆ.

ಜರ್ಮನ್ ಭಾಷೆಗೆ ಸ್ವರಗಳ ಬಡತನವಿಲ್ಲ. ನಾಲಗೆಯನ್ನು ‘ಇ’ಕಾರದ ಸ್ಥಾನದಲ್ಲಿಟ್ಟು, ತುಟಿಗಳನ್ನು ‘ಉ’ಕಾರಕ್ಕೆಂಬಂತೆ ದುಂಡಗೆ ಮಾಡಿ ನುಡಿಯುವ ಸ್ವರ ಅವರಲ್ಲಿದೆ, ಅದು ಶಿಷ್ಟ ಇಂಗ್ಲಿಷಿನಲ್ಲಿಲ್ಲ. ಆದರೆ ‘ಬ್ಯಾಡ್’ ಎಂಬಲ್ಲಿನ ಸ್ವರ ಶಿಷ್ಟ ಜರ್ಮನ್‌ನಲ್ಲಿಲ್ಲ. ಕನ್ನಡ ಲಿಪಿಯಲ್ಲೂ ಅದಕ್ಕೆ ಸ್ವಂತ ಅಕ್ಷರವಿಲ್ಲದೆ ನಾವು ಯಕಾರದ ಒತ್ತನ್ನು ಆಶ್ರಯಿಸಿದ್ದೇವೆ. ‘ಎ’ ಮತ್ತು ‘ಆ’ಗಳ ನಡುವಿನ ಈ ಧ್ವನಿಯನ್ನು ಜರ್ಮನರ ಕಿವಿ ತನಗೆ ಪರಿಚಿತವಾದ ‘ಎ’ಕಾರದ ಮನೆಗೇ ಸೇರಿಸಿಬಿಡುತ್ತದೆ.

ಇದರೊಡನೆ ಅವರ ಭಾಷೆಯ ಇನ್ನೊಂದು ನಿಯಮವೂ ಕೂಡಿಕೊಳ್ಳುತ್ತದೆ. ಪದದ ಕೊನೆಯ ‘ಡ್’ ಅವರ ಬಾಯಲ್ಲಿ ‘ಟ್’ ಆಗುತ್ತದೆ. ಚಕ್ರ, ಸಲಹೆ ಎಂಬ ಅರ್ಥದ ಎರಡು ಜರ್ಮನ್ ಪದಗಳನ್ನು ಬೇರೆಬೇರೆಯಾಗಿ ಬರೆದರೂ ಎರಡನ್ನೂ ‘ರಾಟ್’ ಎಂದೇ ಉಚ್ಚರಿಸುತ್ತಾರೆ. ಹೀಗಾಗಿ ಹಾಸಿಗೆಯ ‘ಬೆಡ್’, ಕೆಟ್ಟದೆಂಬ ‘ಬ್ಯಾಡ್’, ಪಣವೆಂಬ ‘ಬೆಟ್’, ಬಾವಲಿಯೆಂಬ ‘ಬ್ಯಾಟ್’ ಈ ನಾಲ್ಕೂ ಹೊಸ ಕಲಿಕೆಗಾರನ ಬಾಯಲ್ಲಿ ‘ಬೆಟ್’ ಎಂಬ ಒಂದೇ ರೂಪಕ್ಕಿಳಿಯಬಹುದು. ಇಂಗ್ಲಿಷಿನಲ್ಲಿ ‘ಡ್’ಕಾರದ ಹಿಂದಿನ ಸ್ವರ ‘ಟ್’ಕಾರದ ಹಿಂದಿನ ಸ್ವರಕ್ಕಿಂತ ದೀರ್ಘ, ಕೇಳುವವನಿಗೆ ಮುಖ್ಯ ಸುಳಿವಾಗುವ ಆ ಅಂತರವೂ ಆಗ ಅಳಿಸಿಹೋಗುತ್ತದೆ.

ಎರಡನೆಯ ತೊಡಕು ಹೆಚ್ಚು ಸೂಕ್ಷ್ಮವಾದುದು. ದೋಣಿಗೆ ಜರ್ಮನರು ‘ಬೋಟ್’ ಎನ್ನುತ್ತಾರೆ. ಅಲ್ಲಿನ ‘ಓ’ ನಮ್ಮ ‘ಓ’ಕಾರದಂತೆ ಮೊದಲಿನಿಂದ ಕೊನೆಯವರೆಗೆ ಒಂದೇ ನೆಲೆಯಲ್ಲಿ ನಿಲ್ಲುತ್ತದೆ. ದಕ್ಷಿಣ ಇಂಗ್ಲೆಂಡಿನ ಶಿಷ್ಟ ಉಚ್ಚಾರಣೆಯಲ್ಲಾದರೋ ಅದು ಕೊನೆಯಲ್ಲಿ ‘ಉ’ಕಾರದತ್ತ ಜಾರುತ್ತದೆ, ‘ಲೇಟ್’ ಎಂಬಲ್ಲಿನ ಸ್ವರ ‘ಇ’ಕಾರದತ್ತ ಸರಿಯುತ್ತದೆ. ಅರ್ಥಕ್ಕೆ ಬಾಧೆಯಿಲ್ಲದ್ದರಿಂದ ಈ ವ್ಯತ್ಯಾಸವನ್ನು ಜರ್ಮನರೂ ಗಮನಿಸುವುದಿಲ್ಲ, ನಾವೂ ಗಮನಿಸುವುದಿಲ್ಲ.

ಜೀವಂತ ಭಾಷೆಗಳನ್ನೂ ಲ್ಯಾಟಿನ್ನಿನಂತೆ ವ್ಯಾಕರಣ, ಭಾಷಾಂತರಗಳ ಮೂಲಕವೇ ಕಲಿಸುತ್ತಿದ್ದ ಕಾಲದಲ್ಲಿ, 1882ರಲ್ಲಿ, ವಿಲ್ಹೆಲ್ಮ್ ಫಿಯೆಟೊರ್ ಎಂಬ ಜರ್ಮನ್ ವಿದ್ವಾಂಸರು ಗುಪ್ತನಾಮದಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿ, ಈ ಕ್ರಮ ತಿರುಗಿ ನಿಲ್ಲಬೇಕೆಂದು ವಾದಿಸಿದರು. ಮಾತು ಮೊದಲು, ಬರಹ ಆಮೇಲೆ ಎಂಬುದು ಅವರ ನಿಲುವಿನ ತಿರುಳು. 1886ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಧ್ವನಿವಿಜ್ಞಾನ ಸಂಘವು ಧ್ವನಿಗೊಂದು ಚಿಹ್ನೆ ಎಂಬ ಲಿಪಿಯನ್ನು ರೂಪಿಸಿತು. ಇಂಗ್ಲಿಷ್ ಕಾಗುಣಿತದ ಗೊಂದಲದಿಂದ ಕಲಿಯುವವರಿಗೆ ಇದರಿಂದ ಬಿಡುಗಡೆ ದೊರೆಯಿತು.

ಒಕೆ-ಶ್ವೆನ್ ಬೋನ್ ಮತ್ತು ಜೇಮ್ಸ್ ಫ್ಲೀಗಿ ಎಂಬ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮ ಸಾಮಾನ್ಯ ಊಹೆಯನ್ನು ತಿರುವುಮುರುವು ಮಾಡಿತು. ಇಂಗ್ಲಿಷಿನೊಡನೆ ದೀರ್ಘಕಾಲ ಒಡನಾಡಿದ ವಯಸ್ಕ ಜರ್ಮನರು, ತಮ್ಮಲ್ಲಿಲ್ಲದ ‘ಬ್ಯಾಟ್’ ಪದದ ಸ್ವರವನ್ನು ಆಂಗ್ಲಭಾಷಿಕರಂತೆಯೇ ನುಡಿಯುವಷ್ಟು ಮುಂದುವರಿದಿದ್ದರು. ಆದರೆ ತಮ್ಮ ಸ್ವರಗಳನ್ನು ಹೋಲುವ ಇಂಗ್ಲಿಷ್ ಸ್ವರಗಳಲ್ಲಿ ಆ ಅನುಭವದಿಂದ ಬದಲಾವಣೆ ಕಾಣಲಿಲ್ಲ. ಅಪರಿಚಿತವಾದುದು ಗಮನವನ್ನು ಸೆಳೆಯುತ್ತದೆ. ಪರಿಚಿತದಂತೆ ತೋರುವುದು ಪರೀಕ್ಷೆಯಿಲ್ಲದೆ ಒಳಗೆ ಬಂದುಬಿಡುತ್ತದೆ.

ಆದುದರಿಂದ ಅಭ್ಯಾಸ ಕಿವಿಯಿಂದ ಮೊದಲಾಗಬೇಕು. ಒಬ್ಬ ಗಂಡಸೆಂಬ ‘ಮ್ಯಾನ್’, ಹಲವರೆಂಬ ‘ಮೆನ್’ ಇವನ್ನು ಅಧ್ಯಾಪಕರು ಹಿಂದುಮುಂದಾಗಿ ನುಡಿಯಲಿ. ವಿದ್ಯಾರ್ಥಿ ಏಕವಚನವೋ ಬಹುವಚನವೋ ಎಂಬುದನ್ನಷ್ಟೇ ಹೇಳಲಿ. ತಪ್ಪಿಲ್ಲದೆ ಗುರುತಿಸಿದ ಬಳಿಕ ‘ಎ’ಕಾರದಿಂದ ಹೊರಟು, ಕನ್ನಡಿಯಲ್ಲಿ ನೋಡಿಕೊಳ್ಳುತ್ತ ದವಡೆಯನ್ನು ಕೆಳಗಿಳಿಸಲಿ. ಇಲ್ಲಿ ಸಂಖ್ಯೆಯೇ ಸ್ವರವನ್ನು ಅವಲಂಬಿಸಿರುವುದರಿಂದ ಈ ತಿದ್ದುಗೆ ಅಗತ್ಯ. ‘ಬೋಟ್’ ಎಂಬಲ್ಲಿ ‘ಓ’ ಜಾರದೆ ನಿಂತರೆ ಕೇಳುವವನಿಗೆ ನುಡಿದವನ ಊರು ತಿಳಿದೀತು, ಅಷ್ಟೆ, ಮಾತು ಕೆಡುವುದಿಲ್ಲ. ಇವೆರಡನ್ನೂ ಒಂದೇ ಕಟ್ಟುನಿಟ್ಟಿನಿಂದ ತಿದ್ದಹೊರಟರೆ ಕಲಿಯುವವನು ಬಾಯಿ ತೆರೆಯಲೇ ಅಂಜುವಂತಾಗುತ್ತದೆ.